ಗೆಳೆಯನ ವೇಷ ನೋಡಲು ಹೋಗುವವರಿಗೆ

ವಾರವಿಡೀ ಲೆಕ್ಕಪತ್ರ ನೋಡುವ, ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ಮಾತ್ರ ಬಾಯಿ ಬಿಡುವ ಗೆಳೆಯನೊಬ್ಬ ಭಾನುವಾರ ಬೆಳಿಗ್ಗೆ ಯಾವುದೋ ಶಾಲೆಯ ಹಾಲ್‌ನಲ್ಲಿ ಬಾಯಿತಾಳ ಹೇಳಿಕೊಂಡು ಯಕ್ಷಗಾನದ ಹೆಜ್ಜೆ ಹಾಕುತ್ತಿರುತ್ತಾನೆ. ಬೆಂಗಳೂರಿನಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ. ಕುಂದಾಪುರ, ಹೊನ್ನಾವರ, ಶಿರಸಿ, ಸಾಗರದ ಕಡೆಯಿಂದ ಕೆಲಸಕ್ಕೆ ಬಂದವರೇ ಹೆಚ್ಚು. ಈಗೀಗ ಮನೆಯಲ್ಲಿ ಯಾರೂ ಯಕ್ಷಗಾನದ ಆಟ ನೋಡದ ಬಯಲುಸೀಮೆಯ ಹುಡುಗಿಯರೂ ಗೆಜ್ಜೆ ಕಟ್ಟುತ್ತಿದ್ದಾರೆ. ಒಂದು ದಿನ ಫೋನು ಬರುತ್ತದೆ: 'ಬರುವ ಶನಿವಾರ ನಮ್ದೊಂದು ಆಟ ಉಂಟು, ಬಾ ಮಾರಾಯ.'

ನಾವು ಹೋಗುತ್ತೇವೆ. ಎಲ್ಲಿ ಕೂರಬೇಕು, ಏನು ನೋಡಬೇಕು ಗೊತ್ತಿರುವುದಿಲ್ಲ. ಅವನು ರಂಗಕ್ಕೆ ಬಂದಾಗ ಮೊಬೈಲು ಎತ್ತಿ ಎರಡು ನಿಮಿಷ ವೀಡಿಯೊ ಮಾಡಿ, ಮುಗಿದ ಮೇಲೆ 'ಸೂಪರ್ ಮಗಾ' ಎಂದು ಬೆನ್ನು ತಟ್ಟಿ ಕ್ಯಾಬ್ ಹಿಡಿಯುತ್ತೇವೆ. ಅವನಿಗೆ ಅಷ್ಟಕ್ಕೂ ಸಂತೋಷವೇ. ಆದರೆ ಗೆಳೆಯನೊಬ್ಬ ತನ್ನ ಇಷ್ಟದ ಕೆಲಸದಲ್ಲಿ ಪೂರ್ತಿ ಮುಳುಗಿರುವುದನ್ನು ನೋಡುವ ಸುಖ ಎಷ್ಟು ದೊಡ್ಡದು ಎಂಬುದು, ಆ ಕೆಲಸ ನಮಗೆ ಎಷ್ಟು ಅರ್ಥವಾಗುತ್ತದೆ ಎನ್ನುವುದರ ಮೇಲೆಯೇ ನಿಂತಿದೆ. ಪೂರ್ತಿ ಪಂಡಿತರಾಗಬೇಕಿಲ್ಲ. ಒಂದು ಸಂಜೆಯ ತಯಾರಿ ಸಾಕು.

ಮೊದಲು, ಅವನು ನಿಮ್ಮನ್ನು ಕರೆಯುವ ಹೊತ್ತಿಗೆ ಏನೆಲ್ಲ ದಾಟಿ ಬಂದಿದ್ದಾನೆ ಎಂದು ತಿಳಿದಿರಲಿ. ಕಲಿಕೆ ಶುರುವಾಗುವುದು ತಾಳದಿಂದ. ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟಕ್ಕೆ 14. ಕೈಯಲ್ಲಿ ತಟ್ಟುತ್ತ ಬಾಯಲ್ಲಿ ಹೇಳುವುದು ಬಂದ ಮೇಲೆ ಕಾಲಿಗೆ ಕೆಲಸ. ಬಾಯಿ ಹೇಳುವಾಗ ಕಾಲು ನಿಲ್ಲುತ್ತದೆ, ಕಾಲು ಕುಣಿಯುವಾಗ ಬಾಯಿ ಮರೆಯುತ್ತದೆ. ಏಳು ಅಕ್ಷರದ ತ್ರಿವುಡೆಯಲ್ಲಂತೂ ನಾಲ್ಕರ ಲೆಕ್ಕಕ್ಕೆ ಒಗ್ಗಿಹೋದ ಕಿವಿ ಎಂಟನೆಯದೊಂದನ್ನು ಸೇರಿಸಿಕೊಂಡುಬಿಡುತ್ತದೆ. ಅದು ಸರಿಹೋಗುವುದಕ್ಕೇ ತಿಂಗಳುಗಳು ಬೇಕು. ಆಫೀಸಿನ ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ ಅವನು ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದರೆ ಅದು ಚಡಪಡಿಕೆಯಲ್ಲ, ಲೆಕ್ಕ.

ಆಮೇಲೆ ಗಿರಕಿ, ಮಂಡಿ. ಗಿರಕಿ ಹೊಡೆದು ನಿಂತಾಗ ಮುಖ ಪ್ರೇಕ್ಷಕರ ಕಡೆಗೇ ಇರಬೇಕು. ಹೊಸಬರ ಮುಖ ಗೋಡೆಯ ಕಡೆಗೋ ಕಿಟಕಿಯ ಕಡೆಗೋ ಇರುತ್ತದೆ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮಂಡಿಕುಣಿತದಲ್ಲಿ ನೆಲಕ್ಕೆ ಮಂಡಿಯೂರಿ ಸುತ್ತು ಹೊಡೆಯಬೇಕು. ಸಿಮೆಂಟು ನೆಲದಲ್ಲಿ ಅಭ್ಯಾಸ ಮಾಡಿದವರ ಮಂಡಿ ಸೋಮವಾರ ನೀಲಿಗಟ್ಟಿರುತ್ತದೆ. ಚಾಪೆ ಹಾಸಿಕೊಂಡರೆ ಅದು ಜಾರುತ್ತದೆ. ಮರದ ನೆಲ ಒಳ್ಳೆಯದು, ಆದರೆ ಬಾಡಿಗೆಯ ಹಾಲ್‌ಗಳಲ್ಲಿ ಅದೆಲ್ಲಿಂದ ಬರಬೇಕು? ಕೊನೆಗೆ ಉಳಿಯುವುದು ಮಂಡಿಗೆ ಪಟ್ಟಿ, ರಾತ್ರಿ ಎಣ್ಣೆ. 'ಯಾಕೋ ಮೆಟ್ಟಿಲು ಇಳೀಲಿಕ್ಕೆ ಕಷ್ಟ ಪಡ್ತಿದ್ದೀಯ' ಎಂದು ಕೇಳಿ ನಕ್ಕವರು ಇಷ್ಟನ್ನು ತಿಳಿದಿದ್ದರೆ, ನಗು ನಿಲ್ಲದಿದ್ದರೂ ಕ್ಯಾಂಟೀನಿನ ಟೀಯನ್ನಾದರೂ ಅವನ ಮೇಜಿಗೆ ತಂದು ಕೊಡುತ್ತಾರೆ.

ಸಾಧ್ಯವಾದರೆ ಆಟಕ್ಕೆ ಮುಂಚೆ ಒಂದು ಟ್ರಯಲ್‌ಗೆ ಹೋಗಿ. ಯಾವುದಕ್ಕಾದರೂ ಆದೀತು ಅಂತಲ್ಲ, ಹಿಮ್ಮೇಳ ಕೂತಿರುವ ಕೊನೆಯ ಟ್ರಯಲ್‌ಗೆ. ಅಲ್ಲಿಯವರೆಗೆ ಹವ್ಯಾಸಿಗಳು ಗುರುಗಳ ಬಾಯಿತಾಳಕ್ಕೋ ರೆಕಾರ್ಡ್ ಮಾಡಿದ ಪದ್ಯಕ್ಕೋ ಕುಣಿದಿರುತ್ತಾರೆ. ಪದ್ಯ ಹಾಡುವ ಭಾಗವತರು, ಮದ್ದಳೆ, ಚಂಡೆ ಒಟ್ಟಿಗೆ ಸಿಗುವುದು ಕಡೆಯ ಒಂದೆರಡು ಸಲವಷ್ಟೇ. ಅವರಲ್ಲಿ ಅನೇಕರು ಮೇಳದವರು, ಅಂದರೆ ವೃತ್ತಿ ತಂಡದವರು. ದೀಪಾವಳಿಯ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಗೆ ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಯ ತನಕ ಅವರಿಗೆ ರಾತ್ರಿಗಳು ಖಾಲಿ ಇರುವುದಿಲ್ಲ. ನಗರದ ಹವ್ಯಾಸಿ ಆಟಗಳು ಮಳೆಗಾಲದಲ್ಲೇ ಹೆಚ್ಚು ನಡೆಯುವುದಕ್ಕೆ ಅದೂ ಒಂದು ಕಾರಣ. ರೆಕಾರ್ಡಿಗೆ ತಪ್ಪಿಲ್ಲದೆ ಕುಣಿದವನು ನಿಜವಾದ ಚಂಡೆಯ ಎದುರು ಮೊದಲ ಸಲ ತಬ್ಬಿಬ್ಬಾಗುತ್ತಾನೆ. ರೆಕಾರ್ಡು ಪ್ರತಿಸಲವೂ ಒಂದೇ ವೇಗದಲ್ಲಿ ಓಡುತ್ತದೆ. ಭಾಗವತರು ಆ ಹೊತ್ತಿನ ರಂಗ ನೋಡಿಕೊಂಡು ಹಾಡುತ್ತಾರೆ, ಹಿಡಿಯುತ್ತಾರೆ, ಬಿಡುತ್ತಾರೆ. ಆ ತಬ್ಬಿಬ್ಬನ್ನು ಟ್ರಯಲ್‌ನಲ್ಲಿ ಕಂಡವರಿಗೆ ಶನಿವಾರದ ಆಟದ ಬೆಲೆ ಬೇರೆಯೇ ಆಗಿ ತೋರುತ್ತದೆ.

ಪ್ರಸಂಗ ಯಾವುದು, ಅವನದು ಯಾವ ಪಾತ್ರ ಎಂದು ಕೇಳಿಕೊಳ್ಳಿ. ಬಬ್ರುವಾಹನ ಕಾಳಗ ಅಂದನೆನ್ನಿ. ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಕಥೆ ಗೊತ್ತು: ಅಶ್ವಮೇಧದ ಕುದುರೆಯನ್ನು ಮಣಿಪುರದ ಅರಸ ಬಬ್ರುವಾಹನ ಕಟ್ಟುತ್ತಾನೆ, ಅದು ತನ್ನ ತಂದೆ ಅರ್ಜುನನ ಕುದುರೆ ಎಂದು ತಿಳಿದು ಕಾಣಿಕೆ ಸಹಿತ ಒಪ್ಪಿಸಲು ಬರುತ್ತಾನೆ, ಅರ್ಜುನ ಅವನನ್ನು ಮಗನೆಂದು ಒಪ್ಪದೆ ಹೀಗಳೆಯುತ್ತಾನೆ. ಇಡೀ ಆಟದ ತಿರುಗಣೆ ಅಲ್ಲಿದೆ. ಕಾಲಿಗೆರಗಿದ ಹುಡುಗ ತಾಯಿಯ ಬಗ್ಗೆ ಬಂದ ಮಾತು ಕೇಳಿ ಎದ್ದು ನಿಲ್ಲುವಷ್ಟರಲ್ಲಿ ಬೇರೆಯೇ ಮನುಷ್ಯನಾಗಿರಬೇಕು. ಯುದ್ಧದ ಕುಣಿತಕ್ಕೆ ಚಪ್ಪಾಳೆ ಜಾಸ್ತಿ ಬೀಳುವುದು ನಿಜ. ಆದರೆ ನಿಮ್ಮ ಗೆಳೆಯ ರಾತ್ರಿಯೆಲ್ಲ ಕನ್ನಡಿಯ ಮುಂದೆ ಒದ್ದಾಡಿದ್ದು ಆ ಏಳುವ ಗಳಿಗೆಗಾಗಿ. ಅದು ಯಾವಾಗ ಬರುತ್ತದೆಂದು ಗೊತ್ತಿದ್ದರೆ ಆ ಹೊತ್ತಿಗೆ ಸರಿಯಾಗಿ ನೀವು ಬೋಂಡ ತರಲು ಎದ್ದು ಹೋಗುವುದಿಲ್ಲ.

ಇನ್ನು ಚೌಕಿ, ಅಂದರೆ ಬಣ್ಣದ ಕೋಣೆ. ಕರೆದರೆ ಮಾತ್ರ ಹೋಗಿ, ಹೋದರೆ ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಬಣ್ಣಕ್ಕೆ ಕೂರುವ ಮುಂಚೆ ಅಲ್ಲಿ ಗಣಪತಿಗೆ ಪೂಜೆ ಆಗಿರುತ್ತದೆ. ಹೊಸಬರಿಗೆ ಬಣ್ಣ, ವೇಷ ಎಲ್ಲ ಸೇರಿ ಸುಮಾರು 2 ಗಂಟೆ ಹಿಡಿಯುತ್ತದೆ. ಮುಖಕ್ಕೆ ತೆಳುವಾಗಿ ತೆಂಗಿನೆಣ್ಣೆ, ಅದರ ಮೇಲೆ ಬಿಳಿ, ಹಳದಿ, ಕೆಂಪು ಬೆರೆಸಿ ಮಾಡಿಕೊಂಡ ಬಣ್ಣ, ಅದು ಕೂರಲು ಪೌಡರು, ನಂತರ ಹುಬ್ಬು, ಕಣ್ಣು, ಹಣೆಯ ನಾಮ. ಎಣ್ಣೆ ಹೆಚ್ಚಾದರೆ ಬಣ್ಣ ಜಾರುತ್ತದೆ, ಪೌಡರು ಕಡಿಮೆಯಾದರೆ ಮೊದಲ ಕುಣಿತಕ್ಕೇ ಬೆವರಿನೊಂದಿಗೆ ಇಳಿದು ಬರುತ್ತದೆ, ಕಾಡಿಗೆ ಕಣ್ಣೊಳಗೆ ಹೋದರೆ ಆಮೇಲೆ ಅರ್ಧ ಗಂಟೆ ಆತ ನೋಡುವುದೆಲ್ಲ ಮಂಜು. ಹುಬ್ಬು ಬರೆಯುವಾಗ ಮಾತಾಡಿಸಬೇಡಿ. ಎಡಹುಬ್ಬಿಗೂ ಬಲಹುಬ್ಬಿಗೂ ಒಂದೆಳೆ ವ್ಯತ್ಯಾಸ ಬಂದರೆ ಅದನ್ನು ಸರಿಮಾಡಲು ಹೋಗಿ ಎರಡೂ ದಪ್ಪವಾಗುತ್ತ ಹೋಗುತ್ತವೆ.

ಬಣ್ಣದ ನಂತರ ಇಜಾರು, ಗೆಜ್ಜೆ, ಕಚ್ಚೆಯಂತೆ ಬಿಗಿಯುವ ಚೌಕುಳಿ ಕಸೆ ಸೀರೆ, ಅಂಗಿಯಂಥ ದಗಲೆ. ಅದರ ಮೇಲೆ ಎದೆಕಟ್ಟು, ತೋಳ್ಕಟ್ಟು, ಭುಜಕೀರ್ತಿ. ತಲೆಯ ಕೆಲಸ ಕಡೆಗೆ. ಬಬ್ರುವಾಹನನಂಥ ಹರೆಯದ ವೀರರ ಪುಂಡುವೇಷಕ್ಕೆ ಬಡಗಿನಲ್ಲಿ ಕೇದಗೆ ಮುಂದಲೆ ಎಂಬ ತಲೆಕಟ್ಟು. ಸಡಿಲ ಕಟ್ಟಿದರೆ ಎರಡನೇ ಗಿರಕಿಗೆ ಓರೆಯಾಗುತ್ತದೆ, ಬಿಗಿಯಾದರೆ ಅರ್ಧ ಗಂಟೆಯಲ್ಲಿ ಹಣೆ ಸಿಡಿಯತೊಡಗುತ್ತದೆ. ಕಟ್ಟುವವರ ಕೈಯಲ್ಲಿ ಅದು ಕೂತ ಮೇಲೆ ಒಂದು ಸಲ ಬಗ್ಗಿ, ತಲೆಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಿ ನೋಡಬೇಕು. ಸಂಕೋಚದಿಂದ 'ಸರಿ ಉಂಟು' ಎಂದುಬಿಡುವ ಹೊಸಬ ರಂಗದಲ್ಲಿ ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ ಯುದ್ಧ ಮಾಡಬೇಕಾಗುತ್ತದೆ. ಬದಿಯಲ್ಲಿ ಗೆಳೆಯರಿದ್ದರೆ ಬರುವ ನಿಜವಾದ ಉಪಯೋಗ ಇಂಥ ಕಡೆ: 'ಇನ್ನೊಮ್ಮೆ ಕಟ್ಟಿಸ್ಕೊ ಮಾರಾಯ' ಎಂದು ಗಟ್ಟಿಯಾಗಿ ಹೇಳುವುದಕ್ಕೆ.

ಚೀಲದಲ್ಲಿ ಏನಿಟ್ಟುಕೊಳ್ಳಬೇಕು? ಒಂದು ಹಿಡಿ ಸೇಫ್ಟಿ ಪಿನ್ನು, ಗಟ್ಟಿ ದಾರ, ಹಳೆಯ ಮೆತ್ತನೆಯ ಪಂಚೆ, ನೀರಿನ ಬಾಟಲಿ, ಮತ್ತು ಅದಕ್ಕೊಂದು ಸ್ಟ್ರಾ. ತುಟಿಯ ಬಣ್ಣ ಕೆಡದಂತೆ ಕುಡಿಯಲು ಅದೊಂದೇ ದಾರಿ. ಬೆವರನ್ನು ಒರೆಸಬಾರದು, ಪಂಚೆಯಿಂದ ಒತ್ತಿ ತೆಗೆಯಬೇಕು. ಊಟ ಬಣ್ಣಕ್ಕೆ ಕೂರುವ ಮುಂಚೆಯೇ ಆಗಲಿ, ಹೊಟ್ಟೆ ಬಿರಿಯುವಷ್ಟು ಬೇಡ, ಮೊಸರನ್ನವೋ ಇಡ್ಲಿಯೋ ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಹೇಳುವುದಿಲ್ಲ: ಕಸೆ ಕಟ್ಟುವ ಮುಂಚೆ ಶೌಚಕ್ಕೆ ಹೋಗಿ ಬಾ ಎಂದು ನೆನಪಿಸಿ. ಕಟ್ಟಿದ ಮೇಲೆ ಆಟ ಮುಗಿಯುವ ತನಕ ದಾರಿಯಿಲ್ಲ.

ರಂಗದಲ್ಲಿ ಮೊದಲ ಬಾರಿಗೆ ಅವನನ್ನು ಕಂಡಾಗ ಒಂದು ವಿಚಿತ್ರ ಆಗುತ್ತದೆ. ಗುರುತೇ ಸಿಗುವುದಿಲ್ಲ. ಅಷ್ಟು ಬಣ್ಣ, ಅಷ್ಟು ಅಗಲದ ಭುಜ, ಎರಡು ಪಟ್ಟು ತಲೆ. ಮೂರು ಜನ ವೇಷಧಾರಿಗಳಲ್ಲಿ ನಮ್ಮವನು ಯಾರು ಎಂದು ಪಕ್ಕದವರನ್ನು ಕೇಳುವ ಪರಿಸ್ಥಿತಿ. ಆಮೇಲೆ ಯಾವುದೋ ಒಂದು ಸಣ್ಣದು ಅವನನ್ನು ಹಿಡಿದು ಕೊಡುತ್ತದೆ: ಉತ್ತರ ಕೊಡುವ ಮುಂಚೆ ಗಲ್ಲ ಸ್ವಲ್ಪ ಮೇಲೆತ್ತುವ ರೀತಿ, ಮಾತಿನ ನಡುವೆ ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುವ ಚಾಳಿ. ಇಷ್ಟು ವರ್ಷ ಕಾಫಿ ಮೇಜಿನ ಎದುರು ಕಂಡ ಚಾಳಿಯೇ ಮಣಿಪುರದ ಅರಸನ ಕೈಯಲ್ಲಿ! ಮೇಳದ ದೊಡ್ಡ ಕಲಾವಿದರನ್ನು ನೋಡುವಾಗ ಪಾತ್ರ ಮಾತ್ರ ಕಾಣುತ್ತದೆ, ಅವರ ಮನೆಯ ಮನುಷ್ಯ ನಮಗೆ ಗೊತ್ತಿರುವುದಿಲ್ಲ. ಗೆಳೆಯನ ವೇಷದಲ್ಲಿ ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಈ ಸುಖ ಟಿಕೆಟಿಗೆ ಸಿಗುವುದಲ್ಲ, ಸ್ನೇಹ ಇದ್ದವರಿಗಷ್ಟೇ.

ಕೂರುವುದೆಲ್ಲಿ? ಮುಂದಿನ ಸಾಲಿಗೆ ನುಗ್ಗಬೇಡಿ. ರವೀಂದ್ರ ಕಲಾಕ್ಷೇತ್ರದಂಥ ಎತ್ತರದ ರಂಗವಿರುವ ಕಡೆ ಮುಂದಿನ ಸಾಲಿನವರಿಗೆ ಕಾಲು ಸರಿಯಾಗಿ ಕಾಣುವುದಿಲ್ಲ, ಯಕ್ಷಗಾನದಲ್ಲಿ ಕಾಲು ಕಾಣದಿದ್ದರೆ ಅರ್ಧ ಆಟ ಹೋಯಿತು. ಆರೇಳು ಸಾಲು ಹಿಂದೆ, ಸ್ವಲ್ಪ ಬದಿಗೆ ಕೂತರೆ ಪಾದವೂ ಕಾಣುತ್ತದೆ, ಹಿಂದೆ ಕೂತ ಭಾಗವತರ ಮುಖವೂ ಕಾಣುತ್ತದೆ. ಆ ಮುಖ ನೋಡುವುದು ಒಳ್ಳೆಯ ಅಭ್ಯಾಸ. ವೇಷಧಾರಿ ನಮ್ಮ ಕಡೆ ಮುಖ ಮಾಡಿ ಕುಣಿಯುವಾಗ ಹಿಮ್ಮೇಳ ಅವನ ಬೆನ್ನ ಹಿಂದೆ ಇರುತ್ತದೆ. ಅವನು ಅವರನ್ನು ಕಾಣಲಾರ, ಕೇಳಬಲ್ಲ ಅಷ್ಟೇ. ಕಾಣುವುದೆಲ್ಲ ಅವರ ಪಾಲಿಗೆ. ಹುಡುಗ ಒಂದು ಹೆಜ್ಜೆ ಮುಂದೆ ಓಡಿದ ಎಂದು ಮೊದಲು ಗೊತ್ತಾಗುವುದು ಮದ್ದಳೆಯವರಿಗೆ. ಅವರ ಕಣ್ಣು ಅವನ ಹಿಮ್ಮಡಿಯ ಮೇಲೆಯೇ ಇರುತ್ತದೆ.

ಮೂರು ಕಡೆ ಕಣ್ಣಿಟ್ಟರೆ ಹೊಸಬ ಎಷ್ಟು ಬೆಳೆದಿದ್ದಾನೆಂದು ತಿಳಿಯುತ್ತದೆ. ಒಂದು, ಕುಣಿತ ಮುಗಿಯುವ ಜಾಗ. ಚಂಡೆ ಮದ್ದಳೆಯ ಬಿಡ್ತಿಗೆಯೂ (ಮುಕ್ತಾಯದ ನುಡಿತ) ಅವನ ಕೊನೆಯ ಹೆಜ್ಜೆಯೂ ಒಂದೇ ಏಟಿಗೆ ಬೀಳಬೇಕು. ಕೂದಲೆಳೆ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ, ಸರಿ ಬಿದ್ದರೆ ತಾಳ ಗೊತ್ತಿಲ್ಲದವರ ಮೈಯೂ ಜುಮ್ಮೆನ್ನುತ್ತದೆ.

ಎರಡನೆಯದು ಉಸಿರು, ನನ್ನ ಮಟ್ಟಿಗೆ ಇದೇ ಹೆಚ್ಚಿನದು. ಐದು ನಿಮಿಷ ಹಾರಿ ಕುಣಿದವನು ತಕ್ಷಣ ನಿಂತು ಮಾತಾಡಬೇಕು. ಹೊಸಬರು ಏದುಸಿರು ಬಿಡುತ್ತಲೇ ಶುರು ಮಾಡುತ್ತಾರೆ, ವಾಕ್ಯ ನಡುವೆ ತುಂಡಾಗುತ್ತದೆ, ಕೊನೆಯ ಶಬ್ದ ನುಂಗಿಹೋಗುತ್ತದೆ. ಪಳಗಿದವರು ಕುಣಿತ ಮುಗಿದೊಡನೆ ಗತ್ತಿನಿಂದ ಅತ್ತಿತ್ತ ನಾಲ್ಕು ಹೆಜ್ಜೆ ನಡೆಯುತ್ತಾರೆ, ಎದುರಾಳಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ, ಸೆರಗು ಸರಿಪಡಿಸಿಕೊಳ್ಳುತ್ತಾರೆ, ಒಂದು 'ಹೂಂ' ಅನ್ನುತ್ತಾರೆ. ನಮಗೆ ಅದು ರಾಜಗಾಂಭೀರ್ಯ. ಅವರಿಗೆ ಅದು ಉಸಿರು ಎಳೆದುಕೊಳ್ಳುವ ಉಪಾಯ. ನಿಮ್ಮ ಗೆಳೆಯ ಹೋದ ಸಲ ಏದುಸಿರು ಬಿಟ್ಟವನು ಈ ಸಲ ಆ ನಾಲ್ಕು ಹೆಜ್ಜೆ ನಡೆದನೆಂದರೆ, ಅವನು ಕಲಿತ ಒಂದು ವರ್ಷ ಅದರಲ್ಲಿದೆ.

ಮೂರನೆಯದು ಮಾತು. ಯಕ್ಷಗಾನದ ಪ್ರಸಂಗದಲ್ಲಿ ಕವಿ ಬರೆದದ್ದು ಪದ್ಯ. ಅದನ್ನು ಹಿಡಿದು ಆಡುವ ಮಾತು, ಅಂದರೆ ಅರ್ಥ, ವೇಷಧಾರಿಯದು. ಮೊದಮೊದಲು ಗುರುಗಳು ಬರೆದುಕೊಟ್ಟ ಅರ್ಥವನ್ನು ಹವ್ಯಾಸಿಗಳು ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿರುತ್ತಾರೆ. ಕಣ್ಣು ಮೇಲಿನ ದೀಪದ ಕಡೆ ಹೋಯಿತೆಂದರೆ ಮುಂದಿನ ಸಾಲು ಹುಡುಕುತ್ತಿದ್ದಾನೆ ಎಂದೇ ಅರ್ಥ. ಒಂದು ದಿನ ಮಾತ್ರ, ಎದುರಿನ ಅರ್ಜುನ ಬರೆದದ್ದರಲ್ಲಿ ಇಲ್ಲದ ಒಂದು ಪ್ರಶ್ನೆ ಎಸೆಯುತ್ತಾನೆ. ಅರೆಕ್ಷಣ ಮೌನ. ನಿಮ್ಮವನ ಬಾಯಿಂದ ತನ್ನದೇ ಆದ ಒಂದು ವಾಕ್ಯ ಬರುತ್ತದೆ. ಅಷ್ಟೇನೂ ಅಲಂಕಾರವಿಲ್ಲದ, ಆದರೆ ಆ ಪ್ರಶ್ನೆಗೆ ಸರಿಯಾಗಿ ತಗಲುವ ವಾಕ್ಯ. ಮೀಟಿಂಗಿನಲ್ಲಿ ಬಾಯಿ ಬಿಡದವನು ಸಾವಿರ ಜನರೆದುರು, ಬರೆದುಕೊಂಡಿರದ ಮಾತನ್ನು ಹೇಳಿದ್ದಾನೆ. ಅದನ್ನು ಹಿಡಿದವರು ಸಭೆಯಲ್ಲಿ ನಾಲ್ಕೇ ಮಂದಿ ಇರಬಹುದು. ನೀವು ಅವರಲ್ಲಿ ಒಬ್ಬರಾಗಿರಿ.

ತಪ್ಪುಗಳೂ ಆಗುತ್ತವೆ. ಆಗ ಏನಾಗುತ್ತದೆಂದು ನೋಡುವುದರಲ್ಲಿ ಬೇರೊಂದು ರುಚಿ ಇದೆ. ಅರ್ಥ ಮರೆತು ನಿಂತವನನ್ನು ಎದುರು ವೇಷದವರು ಬಿಟ್ಟುಹಾಕುವುದಿಲ್ಲ. 'ಹಾಗಾದರೆ ನಿನ್ನ ತಾಯಿ ಚಿತ್ರಾಂಗದೆ ಹೇಳಿ ಕಳಿಸಿದ್ದು ಇದನ್ನೋ?' ಎಂದು ಪ್ರಶ್ನೆಯೊಳಗೇ ಉತ್ತರ ಇಟ್ಟು ಕೊಡುತ್ತಾರೆ. ಅದೂ ದಾರಿ ತೋರದಿದ್ದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಮರೆತ ಮಾತಿನ ಮೇಲೆ ಚಂಡೆ ಬಿದ್ದು ಸಭೆಗೆ ಏನೂ ತಿಳಿಯುವುದಿಲ್ಲ. ಗೆಜ್ಜೆಯ ದಾರ ಕಿತ್ತರೆ ಕಾಲಿನಲ್ಲೇ ಬದಿಗೆ ಸರಿಸಿ ಮುಂದುವರಿಯಬೇಕು, ಬಗ್ಗಿ ಎತ್ತಬಾರದು. ಸ್ಟ್ಯಾಂಡಿನ ಮೈಕಿನಿಂದ ದೂರ ಹೋದವನ ದನಿ ಹಾರಿಹೋಗುತ್ತದೆ, ಕಾಲರಿಗೆ ಮೈಕು ಸಿಕ್ಕಿಸಿದರೆ ಎದೆಕಟ್ಟಿನ ಗಲಗಲವೇ ಜಾಸ್ತಿ ಕೇಳುತ್ತದೆ. ಇವೆಲ್ಲ ಅವನ ತಪ್ಪಲ್ಲ ಎಂದು ತಿಳಿದ ಒಬ್ಬನಾದರೂ ಕೆಳಗೆ ಕೂತಿರಲಿ.

ಒಂದು ಕೆಟ್ಟ ಚಟ ಬಿಡಬೇಕು: ಹೋಲಿಕೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಯೂಟ್ಯೂಬಿನಲ್ಲಿ ನೋಡಿ ಬಂದು, 'ಅವರ ಹಾಗೆ ಇಲ್ಲ ಬಿಡು' ಅನ್ನುವುದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. 2012ರಲ್ಲಿ ಪದ್ಮಶ್ರೀ ಬಂದಾಗ ಅವರ ಬೆನ್ನಿಗೆ ದಶಕಗಳ ತಿರುಗಾಟ ಇತ್ತು, ರಾತ್ರಿಗೊಂದು ಆಟದಂತೆ. ನಿಮ್ಮ ಗೆಳೆಯನಿಗೆ ವರ್ಷಕ್ಕೆ ಸಿಗುವ ಆಟಗಳನ್ನು ಕೈಬೆರಳಲ್ಲಿ ಎಣಿಸಬಹುದು. ದೊಡ್ಡವರದನ್ನು ಅವನ ಜೊತೆ ಕೂತು ನೋಡಿ, ಅದು ಬೇರೆ ಮಾತು. ಅವನು ಎಲ್ಲಿ ವೀಡಿಯೊ ನಿಲ್ಲಿಸಿ ಹಿಂದೆ ಓಡಿಸುತ್ತಾನೋ ಅಲ್ಲಿ ಪಾಠ ಇದೆ, ಅವನಿಗೂ ನಿಮಗೂ.

ಬೇರೆ ಹುಚ್ಚುಗಳಿಗೂ ಇದೇ ಮಾತು ಸಲ್ಲುತ್ತದೆ, ತಿಳಿಯಬೇಕಾದ ವಿವರ ಮಾತ್ರ ಬೇರೆ. ಮ್ಯಾರಥಾನ್ ಓಡುವ ಗೆಳತಿಯನ್ನು ಹುರಿದುಂಬಿಸಲು ಹೆಚ್ಚಿನವರು ಗುರಿಯ ಗೆರೆಯ ಹತ್ತಿರ ನಿಲ್ಲುತ್ತಾರೆ. ಅಲ್ಲಿ ಜನ, ಸಂಗೀತ, ಫೋಟೊ ಎಲ್ಲ ಇರುತ್ತದೆ, ನೀವಿಲ್ಲದಿದ್ದರೂ ನಡೆಯುತ್ತದೆ. 42.195 ಕಿ.ಮೀ. ಓಟದಲ್ಲಿ ಮನುಷ್ಯರು ಬೇಕಾಗುವುದು 30ರಿಂದ 36ರ ನಡುವೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ತೀರುವ ಹೊತ್ತದು, ಕಾಲು ಕಲ್ಲಾಗುತ್ತದೆ, ರಸ್ತೆಯ ಬದಿ ಖಾಲಿಯಾಗಿರುತ್ತದೆ. ಅಲ್ಲಿ ನಿಂತು ಹೆಸರು ಹಿಡಿದು ಕೂಗಿ. 'ಇನ್ನೇನು ಮುಗೀತು' ಅನ್ನಬೇಡಿ, ಇನ್ನೂ ಒಂದು ಗಂಟೆಯ ಓಟ ಉಳಿದವರಿಗೆ ಆ ಮಾತು ಕೇಳಿ ಸಿಟ್ಟು ಬರುತ್ತದೆ. ಎಷ್ಟನೆಯ ಕಿ.ಮೀ. ಎಂದು ಸರಿಯಾಗಿ ಹೇಳಿ, ಕಿತ್ತಳೆಯ ತೊಳೆ ಚಾಚಿ, ಅವಳು ತೆಗೆದುಕೊಳ್ಳದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅವಳ ಜೊತೆಗೆ ನೂರು ಮೀಟರು ಓಡಲು ಹೋಗಬೇಡಿ, ನಿಮ್ಮ ತಾಜಾ ಕಾಲಿನ ವೇಗ ಅವಳ ಲಯ ಕೆಡಿಸುತ್ತದೆ.

ಕಥೆ ಬರೆಯುವ ಗೆಳೆಯನಾದರೆ ಪುಸ್ತಕವನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಿ. 'ನಂಗೊಂದು ಕಾಪಿ ಕಳ್ಸೋ' ಎಂದು ಕೇಳುವ ಹಕ್ಕು ಸ್ನೇಹಕ್ಕಿದೆ ಎಂದು ನಂಬಿದವರಿಂದಲೇ ಕನ್ನಡದ ಎಷ್ಟೋ ಮೊದಲ ಪುಸ್ತಕಗಳ ಅರ್ಧ ಗಂಟು ಗೌರವಪ್ರತಿಗಳಾಗಿ ಕರಗಿವೆ. ಹಸ್ತಪ್ರತಿ ಓದಲು ಕೊಟ್ಟರೆ ಮೂರೇ ಗುರುತು ಸಾಕು: ಎಲ್ಲಿ ಬೇಸರ ಬಂತು, ಎಲ್ಲಿ ತಿಳಿಯಲಿಲ್ಲ, ಎಲ್ಲಿ ಹಿಂದಿರುಗಿ ಮತ್ತೆ ಓದಿದಿರಿ. ಕಥೆ ಹೀಗೆ ಮುಗಿಸು ಎಂದು ಹೇಳುವ ಕೆಲಸ ನಿಮ್ಮದಲ್ಲ.

ಆಟದ ಮಾತಿಗೆ ಬರೋಣ. ಮುಗಿದ ಮೇಲೆ ಏನು ಹೇಳಬೇಕು? ಚೌಕಿಯಲ್ಲಿ ತಲೆ ಬಿಚ್ಚಿದ ಕೂಡಲೇ ಅವನಿಗೆ ಬೇಕಾಗಿರುವುದು ಗಾಳಿ ಮತ್ತು ನೀರು. ತೆಂಗಿನೆಣ್ಣೆ ಹಚ್ಚಿ, ಹಳೆಯ ಬಟ್ಟೆಯಿಂದ ಒರೆಸಿ ಬಣ್ಣ ತೆಗೆಯಲು ಹದಿನೈದು ನಿಮಿಷ ಬೇಕು. ಸೋಪಿಗೆ ಆತುರಪಟ್ಟರೆ ಬಣ್ಣ ಹುಬ್ಬಿನ ಸಂದಿಯಲ್ಲಿ, ಕಿವಿಯ ಹಿಂದೆ ಉಳಿದು ಸೋಮವಾರ ಆಫೀಸಿನಲ್ಲಿ ಕಾಣುತ್ತದೆ. ಆ ಹದಿನೈದು ನಿಮಿಷ ಸುಮ್ಮನೆ ಪಕ್ಕದಲ್ಲಿರಿ. ಆಮೇಲೆ ಒಂದೇ ಒಂದು ವಿಷಯ ಹೇಳಿ, ಆದರೆ ನೀವು ನಿಜವಾಗಿ ನೋಡಿದ್ದನ್ನು ಹೇಳಿ. 'ಕುಣಿತ ಮುಗಿಸಿ ನೀನು ಅತ್ತ ನಡೆದು ತಿರುಗಿದ್ಯಲ್ಲ, ಅಲ್ಲಿ ಅರ್ಜುನ ಹೆದರಿದ ಹಾಗೆ ಕಾಣ್ತು.' ಇದನ್ನು ಅವನು ಮುಂದಿನ ಆಟದವರೆಗೂ ಇಟ್ಟುಕೊಳ್ಳುತ್ತಾನೆ. 'ಸೂಪರ್' ಪಾರ್ಕಿಂಗ್ ದಾಟುವುದಿಲ್ಲ.

ಕೊರತೆ ಕಂಡಿದ್ದರೆ ಅಂದು ರಾತ್ರಿ ಬೇಡ. ಅವನಿಗೇ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಮಲಗಿದ ಮೇಲೂ ಆ ತಪ್ಪಿದ ಹೆಜ್ಜೆಯನ್ನೇ ಹಾಕುತ್ತಿರುತ್ತಾನೆ. ಎರಡು ದಿನ ಬಿಟ್ಟು ಅವನೇ ಕೇಳುತ್ತಾನೆ, ಆಗ ಮುಚ್ಚುಮರೆಯಿಲ್ಲದೆ ಹೇಳಿ. ಎಲ್ಲವೂ ಚೆನ್ನಾಗಿತ್ತು ಅನ್ನುವ ಗೆಳೆಯನ ಮಾತಿಗೆ ನಾಲ್ಕನೆಯ ಆಟದ ಹೊತ್ತಿಗೆ ಬೆಲೆ ಉಳಿಯುವುದಿಲ್ಲ. ವೀಡಿಯೊ ಮಾಡಿದ್ದರೆ ಪೂರ್ತಿ ಒಂದು ಪದ್ಯದ್ದು ಮಾಡಿ, ಕಾಲು ಕಾಣುವ ಹಾಗೆ ಫೋನು ಅಡ್ಡ ಹಿಡಿದು. ಅದು ಅವನಿಗೆ ಅಭ್ಯಾಸಕ್ಕೆ ಉಪಯೋಗ. ಮುಖದ ಹತ್ತಿರದ ಹದಿನೈದು ಸೆಕೆಂಡಿನ ತುಣುಕು ಸ್ಟೇಟಸ್ಸಿಗಷ್ಟೇ ಸರಿ. ತಲೆ ಓರೆಯಾದ ಕ್ಷಣವನ್ನು ಅವನನ್ನು ಕೇಳದೆ ಗುಂಪಿಗೆ ಹಾಕಬಾರದು, ಎಷ್ಟೇ ನಗು ಬರುವಂತಿದ್ದರೂ.

'ಇದರಲ್ಲಿ ಏನಾದ್ರೂ ಸಿಗುತ್ತಾ?' ಎಂಬ ಪ್ರಶ್ನೆಗೆ ಹವ್ಯಾಸಿಗಳೆಲ್ಲ ನಕ್ಕು ಸುಮ್ಮನಾಗುತ್ತಾರೆ. ಸಿಗುವುದಿಲ್ಲ, ಹೋಗುತ್ತದೆ. ವೇಷಭೂಷಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ಹಾಲು, ಮೈಕು, ಊಟ, ಊರಿನಿಂದ ಬರುವವರ ಪ್ರಯಾಣ, ಎಲ್ಲವನ್ನೂ ಹೆಚ್ಚಾಗಿ ತಂಡದವರೇ ಹಂಚಿಕೊಳ್ಳುತ್ತಾರೆ. ಆದ್ದರಿಂದ ಪಾಸ್ ಕೇಳಬೇಡಿ. ಟಿಕೆಟಿದ್ದರೆ ಕೊಂಡುಕೊಳ್ಳಿ, ಉಚಿತವಾದರೆ ಬಾಗಿಲಿನ ಹುಂಡಿಗೆ ಹಾಕಿ. ಹಾರ, ಶಾಲು, ಗಾಜಿನ ಪೆಟ್ಟಿಗೆಯ ಸ್ಮರಣಿಕೆ ಅವರ ಮನೆಯ ಅಟ್ಟದಲ್ಲಿ ಈಗಾಗಲೇ ಇವೆ. ಉಡುಗೊರೆ ಕೊಡಲೇಬೇಕೆಂದರೆ ಒಂದು ಜೊತೆ ಒಳ್ಳೆಯ ಗೆಜ್ಜೆ ಕೊಡಿ, ಬಾಡಿಗೆಯ ಗೆಜ್ಜೆಯ ಪಟ್ಟಿ ಯಾರ ಕಾಲಿಗೂ ಸರಿಯಾಗಿ ಕೂರುವುದಿಲ್ಲ. ಇಲ್ಲವೇ ಟ್ರಯಲ್ ಇರುವ ನಾಲ್ಕು ಭಾನುವಾರ ಅವರ ಮಗುವನ್ನು ನೋಡಿಕೊಳ್ಳಿ. ಮದುವೆಯಾದ ಹೆಣ್ಣುಮಕ್ಕಳು ವೇಷ ಬಿಡುವುದಕ್ಕೆ ಕಾಲು ನೋವು ಕಾರಣವಾಗುವುದು ಕಡಿಮೆ. ಬಹಳ ಸಲ ಕಾರಣ ಈ ಭಾನುವಾರದ್ದೇ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆಯನ್ನೇ ವೃತ್ತಿ ಮಾಡಿಕೊಂಡು ಮೇಳಗಳಲ್ಲಿ ರಾತ್ರಿಯಿಡೀ ಹಾಡಿದ ಹೆಣ್ಣುಮಗಳು. ಅವರ ಪತಿ ಹರಿನಾರಾಯಣ ಬೈಪಾಡಿತ್ತಾಯರು ಹಿಮ್ಮೇಳದಲ್ಲಿ ಜೊತೆಗೇ ಕೂರುತ್ತಿದ್ದರು. ಎಲ್ಲರಿಗೂ ಅಂಥ ಅನುಕೂಲ ಇರುವುದಿಲ್ಲ.

ಕೆಲವರು ಎರಡು ವರ್ಷ ಕುಣಿದು ನಿಲ್ಲಿಸುತ್ತಾರೆ. ಕೆಲವರು ಮಂಡಿ ಕೈಕೊಟ್ಟ ಮೇಲೆ ತಾಳಮದ್ದಳೆಗೆ ಹೋಗುತ್ತಾರೆ: ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕೂತು ಅರ್ಥ ಹೇಳುವುದಷ್ಟೇ. ಇನ್ನು ಕೆಲವರು ಮದ್ದಳೆಯ ಕಡೆ ಹೊರಳುತ್ತಾರೆ. 'ಯಾಕೆ ಬಿಟ್ಟೆ' ಎಂದು ಪೀಡಿಸಬೇಡಿ. ತಾಳಮದ್ದಳೆಗೆ ಕರೆದರೆ ಅದಕ್ಕೂ ಹೋಗಿ, ಅಲ್ಲಿ ನೋಡಲು ಏನೂ ಇಲ್ಲ, ಕಿವಿ ಮಾತ್ರ ಬೇಕು. ಕಾಲು ನಿಂತ ಮೇಲೆ ಅವನ ಮಾತು ಎಷ್ಟು ಬಲಿತಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಎರಡು ಮೂರು ಆಟಕ್ಕೆ ತಪ್ಪದೆ ಬಂದು, ಹುಂಡಿಗೂ ಹಾಕಿ, ಚೌಕಿಯಲ್ಲೂ ಕಂಡವರನ್ನು ತಂಡದವರು ನೆನಪಿಟ್ಟುಕೊಳ್ಳುತ್ತಾರೆ. ನಾಲ್ಕನೆಯ ಆಟದ ಆಮಂತ್ರಣದಲ್ಲಿ ನಿಮ್ಮ ಹೆಸರು ಮುಖ್ಯ ಅತಿಥಿಗಳ ಸಾಲಿನಲ್ಲಿ ಅಚ್ಚಾಗಿರಬಹುದು. ಸಭಾ ಕಾರ್ಯಕ್ರಮ ಸಾಮಾನ್ಯವಾಗಿ ಆಟಕ್ಕೆ ಮುಂಚೆಯೋ ನಡುವೆಯೋ ಇರುತ್ತದೆ: ಪ್ರಾರ್ಥನೆ, ಸ್ವಾಗತ, ದೀಪ, ಸನ್ಮಾನ, ಮಾನಪತ್ರ ವಾಚನ, ನಾಲ್ವರ ಭಾಷಣ, ವಂದನಾರ್ಪಣೆ. ಅಷ್ಟೂ ಹೊತ್ತು ಪರದೆಯ ಹಿಂದೆ ಕಸೆ ಬಿಗಿದು, ತಲೆ ಕಟ್ಟಿ, ಕೂರಲೂ ಆಗದೆ ನೀರೂ ಕುಡಿಯದೆ ನಿಮ್ಮ ಗೆಳೆಯ ನಿಂತಿರುತ್ತಾನೆ. ಬಣ್ಣ ಒಣಗಿ ಬಿಗಿಯುತ್ತದೆ, ಬೆಚ್ಚಗಾಗಿದ್ದ ಕಾಲು ತಣ್ಣಗಾಗುತ್ತದೆ, ತಣ್ಣಗಾದ ಕಾಲಿನಲ್ಲಿ ಮೊದಲ ಹಾರಿಕೆಗೇ ಸ್ನಾಯು ಹಿಡಿಯುತ್ತದೆ. ಮೈಕು ಕೈಗೆ ಬಂದಾಗ ಎಲ್ಲರಿಗೂ ಒಟ್ಟಿಗೆ ನಮಸ್ಕಾರ ಹೇಳಿ, ವೇದಿಕೆಯ ಮೇಲಿನವರನ್ನು ಒಬ್ಬೊಬ್ಬರಾಗಿ ಹೆಸರಿಸಲು ಹೋಗದೆ, ಎರಡು ನಿಮಿಷದಲ್ಲಿ ಮುಗಿಸಿ ಕೆಳಗಿಳಿಯಿರಿ. ಆರೇಳನೆಯ ಸಾಲಿನಲ್ಲಿ, ಸ್ವಲ್ಪ ಬದಿಗೆ, ಜಾಗ ಹಿಡಿದಿಡಲು ಯಾರಿಗಾದರೂ ಮೊದಲೇ ಹೇಳಿಟ್ಟಿರಿ.